ಹನ್ನೆರಡನೇ ಕೋಣೆಯ ಗೋಡೆಗೆ ಹಾಕಿರುವ ಚಕ್ರಗಳನ್ನು ತೆಗೆಸುವ ಬಗ್ಗೆ

ನಿರುಪಯುಕ್ತ ಕಟ್ಟಡಗಳಿಗೆ ಮರುಜೀವ ಕೊಡುವ ವಿಭಾಗದ ಮುಖ್ಯಾಧಿಕಾರಿಗಳಿಗೆ, ಊರವರೆಲ್ಲರ ಸಮಕ್ಷಮದಲ್ಲಿ

ಮಾನ್ಯರೇ,

ನನ್ನ ಗಂಡ ತಮ್ಮ ಹಾಸಿಗೆಯ ಮೇಲೆ ಸತತವಾಗಿ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಮಲಗಿದ್ದು ಪತ್ತೆಯಾಗಿದೆ ಎಂದು ನಿಮ್ಮ ವಿಭಾಗದಿಂದ ನಮಗೆ ನೋಟಿಸ್ ಬಂದಿದೆ. ಆರೋಪ ನಿಜ, ಒಪ್ಪಿಕೊಳ್ಳುತ್ತೇನೆ. ಅವರು ಮೂವತ್ತೊಂದು ವರ್ಷಗಳಿಂದ ಅದೇ ಜಾಗದಲ್ಲಿ ಮಲಗುತ್ತಿದ್ದಾರೆ, ಚಳಿಗಾಲದಲ್ಲಿ ಎಂಟು ಗಂಟೆ ಮಲಗಿದ ದಾಖಲೆಯೂ ಇದೆ. ಆದರೆ ನಿಮ್ಮ ನೋಟಿಸಿನ ಪ್ರಕಾರ ಅದು ಅವರ ಮಲಗುವ ಕೋಣೆಯಲ್ಲ, ‘ಪ್ರಶಾಂತ’ ಎಂಬ ಹೆಸರಿನ, ಇಬ್ಬರು ಕೂರಬಹುದಾದ, ಗಂಟೆಗಳ ಲೆಕ್ಕದಲ್ಲಿ ಕಾಯ್ದಿರಿಸಬೇಕಾದ ಹನ್ನೆರಡನೇ ಕೆಲಸದ ಕೋಣೆ. ಅದನ್ನು ಒಬ್ಬನೇ ಬಳಕೆದಾರ ನಲವತ್ತೊಂದು ದಿನಗಳಿಂದ ಹಿಡಿದುಕೊಂಡಿರುವುದು ಹೊಂದಿಕೊಳ್ಳುವ ಕಚೇರಿಯ ತತ್ವಕ್ಕೇ ವಿರುದ್ಧವಂತೆ. ಏಳು ದಿನಗಳೊಳಗೆ ಆ ಬಳಕೆದಾರ ಎದ್ದು, ಕಟ್ಟಡದಲ್ಲಿ ಖಾಲಿ ಇರುವ ಬೇರೆ ಯಾವುದಾದರೂ ಕುರ್ಚಿಗೆ ಹೋಗಬೇಕಂತೆ. ಕಣ್ಣು ಕಾಣದ ಅರವತ್ತೆಂಟು ವರ್ಷದ ಮನುಷ್ಯ ಯಾವ ಕುರ್ಚಿ ಖಾಲಿ ಇದೆ ಎಂದು ಹೇಗೆ ತಿಳಿಯಬೇಕು ಎಂಬುದನ್ನು ನೋಟಿಸ್ ಹೇಳಿಲ್ಲ. ಒಬ್ಬೊಬ್ಬರ ತೊಡೆಯ ಮೇಲೂ ಕೂತು ನೋಡಬೇಕೇನೋ.

ನಾನು ಯಾರೆಂದು ಹೇಳಿಬಿಡುತ್ತೇನೆ. ನೀವು ಈಗ ಗಂಟೆಗಿಷ್ಟೆಂದು ಯಾರಿಗಾದರೂ ಬಾಡಿಗೆಗೆ ಕೊಡುವ ಆಧುನಿಕ ಕಚೇರಿಯಾಗಿ ಪರಿವರ್ತಿಸಿರುವ ಹಳೆಯ ಸರ್ಕಾರಿ ದಾಸ್ತಾನು ಮಳಿಗೆಯ ಕಾವಲುಗಾರನ ಹೆಂಡತಿ ನಾನು. ಒಂದು ಶಾಲೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತೆಯಾಗಿದ್ದವಳು, ಆದ್ದರಿಂದ ಇಲಾಖೆಗಳಿಗೆ ಪತ್ರ ಬರೆಯುವುದು ನನಗೆ ನೀರು ಕುಡಿದಷ್ಟು ಸುಲಭ. ಉತ್ತರ ಬರುವುದಿಲ್ಲ ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತು. ಅದಕ್ಕೇ ಈ ಸಲ ಪತ್ರಿಕೆಗೆ ಕೊಟ್ಟಿದ್ದೇನೆ. ನೀವು ಓದದಿದ್ದರೂ ನಿಮ್ಮ ಪಕ್ಕದ ಮನೆಯವರಾದರೂ ಓದಲಿ.

ಆ ಮಳಿಗೆಯಲ್ಲಿ ಒಂದು ಕಾಲಕ್ಕೆ ಇಡೀ ಊರಿನ ಬೀದಿದೀಪದ ಕಂಬಗಳು, ಚರಂಡಿ ಮುಚ್ಚಳಗಳು, ಹಗ್ಗ, ಡಾಂಬರಿನ ಪೀಪಾಯಿ, ಎಪ್ಪತ್ತು ಬಗೆಯ ಬೋಲ್ಟು ಇರುತ್ತಿದ್ದವು. ಹತ್ತು ಕತ್ತಲೆ ಕೋಣೆ. ಕಾವಲುಗಾರ ಅಲ್ಲೇ ಇರಬೇಕೆಂದು ಹನ್ನೊಂದು, ಹನ್ನೆರಡನೇ ಎರಡು ಸಣ್ಣ ಕೋಣೆಗಳನ್ನು ಅವನ ವಾಸಕ್ಕೆ ಬಿಟ್ಟಿದ್ದರು. ಒಂದರಲ್ಲಿ ಅಡುಗೆ, ಇನ್ನೊಂದರಲ್ಲಿ ಮಲಗುವುದು. ಒಂಬತ್ತು ವರ್ಷಗಳ ಹಿಂದೆ ಸಾಮಾನು ತರಿಸುವುದು ನಿಂತಿತು, ಮಳಿಗೆ ಪಾಳುಬಿತ್ತು, ಪಾರಿವಾಳಗಳು ಸಂಸಾರ ಹೂಡಿದವು. ನಮ್ಮವರು ಬದುಕಿರುವವರೆಗೆ ಆ ಎರಡು ಕೋಣೆಗಳಲ್ಲಿ ವಾಸ ಮಾಡಿಕೊಂಡು ಕಟ್ಟಡ ನೋಡಿಕೊಳ್ಳಬಹುದು ಎಂದು ನಿಮ್ಮ ಹಿಂದಿನವರ ಹಿಂದಿನವರು ಆದೇಶ ಕೊಟ್ಟಿದ್ದಾರೆ. ಅದರ ಮೂರು ಪ್ರತಿಗಳನ್ನು ನಿಮಗೆ ಈಗಾಗಲೇ ಮೂರು ಸಲ ಕಳಿಸಿದ್ದೇನೆ. ಒಟ್ಟು ಒಂಬತ್ತು. ಅವೆಲ್ಲ ಎಲ್ಲಿವೆ? ಅವುಗಳನ್ನು ಇಡಲು ನಿಮಗೊಂದು ಮಳಿಗೆ ಬೇಕಾಗಿತ್ತು ಎಂದು ಕಾಣುತ್ತದೆ.

ಈಗ ನಮ್ಮ ಮನೆ ನಿಮ್ಮ ಕಚೇರಿಯೊಳಗೆ ಹೇಗೆ ಸೇರಿತು ಎಂಬ ವಿಷಯ. ಇದರಲ್ಲಿ ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ.

ಮಳಿಗೆಯ ಕೆಲಸದವರಲ್ಲಿ ಒಂದು ಪದ್ಧತಿಯಿದೆ. ಕಟ್ಟಡವನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವಾಗ ಬಾಗಿಲು ತೆಗೆದು ತೋರಿಸುವುದಿಲ್ಲ. ಬಾಗಿಲು ತೆಗೆದರೆ ಒಳಗೇನಿದೆ, ಏನಿಲ್ಲ ಎಂಬ ತಕರಾರು ಶುರುವಾಗುತ್ತದೆ. ಅದರ ಬದಲು ಕೀಲಿಗೊಂಚಲನ್ನು ಎತ್ತಿ ಹಿಡಿದು ಒಂದೊಂದೇ ಕೀಲಿಯನ್ನು ಸರಿಸುತ್ತ ಗಟ್ಟಿಯಾಗಿ ಎಣಿಸುತ್ತಾರೆ. ತೆಗೆದುಕೊಳ್ಳುವವನೂ ಜೊತೆಗೆ ಎಣಿಸುತ್ತಾನೆ. ಎಷ್ಟು ಕೀಲಿಯೋ ಅಷ್ಟು ಕೋಣೆ. ರುಜು ಹಾಕುವುದು, ಚಹಾ ಕುಡಿಯುವುದು, ಮುಗಿಯಿತು. ನಮ್ಮವರು ಕೆಲಸಕ್ಕೆ ಸೇರಿದ ದಿನ ಅವರಿಗೂ ಹೀಗೇ ಒಪ್ಪಿಸಿದ್ದರು.

ಹೋದ ವರ್ಷ ನಿಮ್ಮ ಅಳತೆಯ ಎಂಜಿನಿಯರ್ ಬಂದರು. ಕೈಯಲ್ಲಿ ಕೆಂಪು ಚುಕ್ಕೆ ಬಿಡುವ ಯಂತ್ರವಿತ್ತು. ಹೊಸ್ತಿಲ ಮೇಲೆ ಕಾಲಿಟ್ಟರೋ ಇಲ್ಲವೋ, ಪಾರಿವಾಳದ ಧೂಳಿಗೆ ಸೀನು ಶುರುವಾಯಿತು. ಇಪ್ಪತ್ತೆರಡು ಸೀನುಗಳನ್ನು ನಾನೇ ಎಣಿಸಿದೆ. ಆಮೇಲೆ ಅವರು ಒಳಗೆ ಬರುವ ಆಸೆ ಬಿಟ್ಟು ಮೂಗಿಗೆ ಕರವಸ್ತ್ರ ಹಿಡಿದು ಹೊರಗಿನಿಂದಲೇ ಕೇಳಿದರು: “ಒಟ್ಟು ಎಷ್ಟು ರೂಮಿದೆ, ಹೇಳಿಬಿಡಿ ಸಾಕು.”

ನಮ್ಮವರಿಗೆ ಆಗಲೇ ದೃಷ್ಟಿ ಮುಕ್ಕಾಲು ಪಾಲು ಹೋಗಿತ್ತು. ಕಳೆದುಹೋಗಬಾರದೆಂದು ಅವರು ಕಂಡ ಕಂಡ ಕೀಲಿಗಳನ್ನೆಲ್ಲ ಒಂದೇ ಗೊಂಚಲಿಗೆ ಸೇರಿಸಿಕೊಂಡಿದ್ದರು. ಕೊನೆಯ ಸಲ ಕಟ್ಟಡ ಒಪ್ಪಿಸುತ್ತಿದ್ದೇನೆ ಎಂಬ ಗತ್ತಿನಲ್ಲಿ ಎದೆ ಸೆಟೆಸಿ ನಿಂತು, ಗೊಂಚಲು ಎತ್ತಿ, ಮೊದಲಿನ ಗಂಟಲಿನಲ್ಲಿ ಎಣಿಸಿದರು. ಒಂದು, ಎರಡು, ಮೂರು. ಹದಿನಾಲ್ಕರವರೆಗೆ. ಎಂಜಿನಿಯರ್ ಹದಿನಾಲ್ಕು ಎಂದು ಬರೆದುಕೊಂಡರು. ಕೀಲಿಗಳ ಮೇಲಿನ ಚೀಟಿ ನೋಡಿ ಅಂದಾಜಿಗೆ ಅಳತೆಯನ್ನೂ ಬರೆದುಕೊಂಡರು. ಹನ್ನೊಂದು ನಮ್ಮ ಅಡುಗೆಮನೆ. ಹನ್ನೆರಡು ಮಲಗುವ ಕೋಣೆ. ಹದಿಮೂರು ನನ್ನ ಕಬ್ಬಿಣದ ಪೆಟ್ಟಿಗೆ. ಹದಿನಾಲ್ಕು ನಮ್ಮವರ ಸೈಕಲ್ಲಿನ ಬೀಗ.

ನಾನು ಪಕ್ಕದಲ್ಲೇ ನಿಂತಿದ್ದೆ. “ರೀ, ಹತ್ತಕ್ಕೆ ನಿಲ್ಲಿಸಿ” ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಅವರು ಅಷ್ಟು ನೆಟ್ಟಗೆ ನಿಂತದ್ದನ್ನು ನೋಡುತ್ತಿದ್ದೆ. ಎಣಿಕೆ ತಪ್ಪಾದರೆ ಯಾರಾದರೂ ಒಳಗೆ ಬಂದು ನೋಡುತ್ತಾರೆ, ಆಗ ಸರಿಹೋಗುತ್ತದೆ ಎಂದುಕೊಂಡೆ. ಸರ್ಕಾರದಲ್ಲಿ ಯಾರಾದರೂ ಒಳಗೆ ಬಂದು ನೋಡುತ್ತಾರೆ ಎಂದು ಇಪ್ಪತ್ತಾರು ವರ್ಷ ಕಚೇರಿಯಲ್ಲಿ ದುಡಿದವಳು ನಂಬಿದ್ದೆ ನೋಡಿ, ನನ್ನ ಬುದ್ಧಿಗೆ ಏನು ಹೇಳುವುದು.

ಆಮೇಲೆ ಅವರ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಐದು ವಾರ ನನ್ನ ತಮ್ಮನ ಮನೆಯಲ್ಲಿದ್ದೆವು. ಚಿಕಿತ್ಸೆ ಫಲಿಸಲಿಲ್ಲ. ಉಳಿದಿದ್ದ ಕಾಲು ಪಾಲೂ ಹೋಯಿತು. ವಾಪಸು ಬಂದಾಗ ಪಾರಿವಾಳಗಳಿರಲಿಲ್ಲ, ಕತ್ತಲೆ ಇರಲಿಲ್ಲ, ನಮ್ಮ ಬಾಗಿಲೂ ಇರಲಿಲ್ಲ. ಎಲ್ಲೆಲ್ಲೂ ಬಿಳಿ ದೀಪ, ಕುಂಡದಲ್ಲಿ ಗಿಡ, ಗಾಜು. ಬಾಗಿಲ ಬಳಿ ನಿಂತಿದ್ದ ವ್ಯವಸ್ಥಾಪಕಿ ಎಂಬ ಹುಡುಗಿ ನಗುನಗುತ್ತ “ಸ್ವಾಗತ, ಬುಕಿಂಗ್ ಇದೆಯಾ?” ಎಂದು ಕೇಳಿದಳು. “ಬುಕಿಂಗ್ ಇಲ್ಲಮ್ಮ, ಹಾಲು ಕಾಯಿಸಬೇಕು” ಎಂದೆ. ಅವಳು ಪರದೆಯಲ್ಲಿ ಹುಡುಕಿ, “ಹನ್ನೊಂದು ಮೂರು ಗಂಟೆಗೆ ಖಾಲಿಯಾಗುತ್ತೆ” ಎಂದಳು.

ಹನ್ನೊಂದು ಎಂದರೆ ನಮ್ಮ ಅಡುಗೆಮನೆ. ಅದರ ಹೊಸ ಹೆಸರು ‘ಚಿಂತನ’. ಒಳಗೆ ಎಂಟು ಜನ ನನ್ನ ಒಲೆಯ ಸುತ್ತ ನಿಂತು ಹಳದಿ ಚೀಟಿಗಳ ಮೇಲೆ ಏನೇನೋ ಬರೆದು ಅಕ್ಕಿ ಡಬ್ಬಕ್ಕೆ, ಸಕ್ಕರೆ ಡಬ್ಬಕ್ಕೆ ಅಂಟಿಸುತ್ತಿದ್ದರು. ಅಡುಗೆಮನೆಯನ್ನು ಹಾಗೆಯೇ ಉಳಿಸಿರುವುದು ಬಹಳ ಧೈರ್ಯದ ವಿನ್ಯಾಸ ಎಂದು ಒಬ್ಬರು ಹೊಗಳಿದರು. ಇನ್ನೊಬ್ಬರು “ಇಲ್ಲಿ ನಿಮ್ಮ ಪಾತ್ರ ಏನು ಮೇಡಂ?” ಎಂದು ಕೇಳಿದರು. “ಅಡುಗೆ ಮಾಡೋಳು” ಎಂದೆ. ಅವರು ತಲೆದೂಗಿ, ಚೀಟಿಯೊಂದರಲ್ಲಿ ‘ಅಂತಿಮ ಬಳಕೆದಾರರು’ ಎಂದು ಬರೆದು ನನ್ನ ತೋಳಿಗೆ ಅಂಟಿಸಿದರು. ನಾನು ಅಂಟಿಸಿಕೊಂಡೇ ಹಾಲು ಕಾಯಿಸಿದೆ. ಹಾಲು ಉಕ್ಕಿತು, ಅದನ್ನೂ ಅವರು ಬರೆದುಕೊಂಡರು.

ಹದಿಮೂರನೇ ಕೋಣೆಯ ಕಥೆ ಹೇಳಿದರೆ ನಿಮಗೆ ನಂಬಿಕೆ ಬರಲಿಕ್ಕಿಲ್ಲ. ನಿಮ್ಮ ಪಟ್ಟಿಯಲ್ಲಿ ಅದು ‘ಏಕಾಂತ’, ಒಬ್ಬರಿಗೆ, ಶಬ್ದರಹಿತ. ವಸ್ತುಸ್ಥಿತಿಯಲ್ಲಿ ಅದು ನನ್ನ ಕಂಬಳಿಗಳಿರುವ ಪೆಟ್ಟಿಗೆ. ಅದನ್ನು ವಿಮೆ ಕಂಪನಿಯ ಪರವಾಗಿ ಫೋನು ಮಾಡುವ ಒಬ್ಬ ತೆಳ್ಳನೆಯ ಮನುಷ್ಯ ಕಾಯ್ದಿರಿಸಿ ಬಂದ. ಸಂಖ್ಯೆ ನೋಡಿದ, ಪೆಟ್ಟಿಗೆ ನೋಡಿದ, ಮುಚ್ಚಳ ಎತ್ತಿ ಒಳಗೂ ನೋಡಿದ. ಬಹಳ ಸಂಭಾವಿತ. “ಅಮ್ಮಾ, ಈ ಕಂಬಳಿ ಸ್ವಲ್ಪ ಹೊರಗೆ ಇಡಬಹುದಾ? ನಂಗೆ ಹತ್ತೂವರೆಗೆ ಕಾಲ್ ಇದೆ” ಎಂದ. ಒಳಗೆ ಕೂರಬೇಡ, ಮೇಲೆ ಕೂತುಕೋ ಎಂದು ನಾನೇ ಬುದ್ಧಿ ಹೇಳಿದೆ. ಅಂದಿನಿಂದ ಅವನು ದಿನವೂ ಪೆಟ್ಟಿಗೆಯ ಮೇಲೆ ಕೂತೇ ಕೆಲಸ ಮಾಡುತ್ತಾನೆ. ನಾಲ್ಕು ನಕ್ಷತ್ರ ಕೊಟ್ಟು, ‘ಆಸನ ಗಟ್ಟಿ, ಆದರೆ ಆತ್ಮೀಯ ವಾತಾವರಣ’ ಎಂದು ಬರೆದಿದ್ದಾನೆ.

ಹದಿನಾಲ್ಕನೇ ಕೋಣೆ, ಅಂದರೆ ಸೈಕಲ್ಲು, ಆರು ಜನರ ಸಭೆಗೆ ಮೀಸಲು. ಹಿಂದಿನ ಚಕ್ರಕ್ಕೆ ಟೈರೇ ಇಲ್ಲದ ಆ ಸೈಕಲ್ಲಿನ ಸುತ್ತ ಆರು ಜನ ನಿಂತು ತಮ್ಮ ಕಂಪನಿಯ ಮೂರು ತಿಂಗಳ ಪ್ರಗತಿ ಪರಿಶೀಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಧ್ಯಕ್ಷತೆ ವಹಿಸಿದವರು ಸೀಟಿನ ಮೇಲೆ ಕೂತಿದ್ದರು. ಇಬ್ಬರು ಹ್ಯಾಂಡಲ್ ಹಿಡಿದುಕೊಂಡಿದ್ದರು. ನಿಂತೂ ನಿಂತೂ ಕಾಲು ನೋಯುವುದರಿಂದ ಸಭೆ ಹತ್ತೇ ನಿಮಿಷಕ್ಕೆ ಮುಗಿಯುತ್ತದೆಂದು ಆ ಕೋಣೆಗೆ ಈಗ ಭಾರಿ ಬೇಡಿಕೆ. ಇಂಥದೇ ಇನ್ನೂ ನಾಲ್ಕು ಕೋಣೆ ತರಿಸಿ ಎಂದು ಬಳಕೆದಾರರು ನಿಮಗೆ ಮನವಿ ಕೊಟ್ಟಿದ್ದಾರೆಂದು ಕೇಳಿದೆ. ಆ ಮನವಿಗೆ ನೀವು ಒಂದೇ ದಿನದಲ್ಲಿ ಉತ್ತರ ಕೊಟ್ಟಿರಂತೆ. ಸೈಕಲ್ಲಿಗೆ ಸಿಕ್ಕ ಮರ್ಯಾದೆಯಲ್ಲಿ ನಮಗೆ ಎಳ್ಳಷ್ಟಾದರೂ ಸಿಗಬಾರದೇ?

ದೂರು ಕೊಡದೆ ಸುಮ್ಮನಿದ್ದೆ ಎಂದುಕೊಳ್ಳಬೇಡಿ. ಮೊದಲ ದೂರಿಗೆ ಬಂದ ಉತ್ತರ ನನ್ನ ಬಳಿ ಇದೆ: ‘ಕೋಣೆಯ ಬಗ್ಗೆ ದೂರು ಕೊಡಲು ಆ ಕೋಣೆಯ ಬಳಕೆದಾರರು ಮಾತ್ರ ಅರ್ಹರು.’ ಸರಿ, ವಿಮೆಯವನ ಸಹಾಯದಿಂದ ಫೋನಿನಲ್ಲಿ ನಿಮ್ಮ ಆಪ್ ಹಾಕಿಸಿಕೊಂಡು, ನಾನು ಮೂವತ್ತೊಂದು ವರ್ಷ ಮಲಗಿದ ನನ್ನದೇ ಕೋಣೆಯನ್ನು ಒಂದು ಗಂಟೆಗೆ ಕಾಯ್ದಿರಿಸಿದೆ. ‘ಈ ಕೋಣೆಗೆ ನಿಮ್ಮ ಮೊದಲ ಭೇಟಿಗೆ ಅಭಿನಂದನೆಗಳು’ ಎಂದು ಬಂತು. ಆಮೇಲೆ ದೂರಿನ ವಿಭಾಗಕ್ಕೆ ಫೋನು ಮಾಡಿದೆ. ಐವತ್ತೆರಡು ನಿಮಿಷ ಸಂಗೀತ ಕೇಳಿಸಿದರು. ಐವತ್ತಮೂರನೇ ನಿಮಿಷಕ್ಕೆ ಮನುಷ್ಯರೊಬ್ಬರು ಸಿಕ್ಕರು. ಅವರಿಗೆ ಕೀಲಿ, ಪೆಟ್ಟಿಗೆ, ಸೈಕಲ್ಲು ಎಲ್ಲವನ್ನೂ ವಿವರಿಸಿ ಹಾಸಿಗೆಯ ವಿಷಯಕ್ಕೆ ಬರುವಷ್ಟರಲ್ಲಿ ಒಂದು ಗಂಟೆ ಮುಗಿಯಿತು. “ಮೇಡಂ, ಈಗ ನೀವು ಬಳಕೆದಾರರಲ್ಲ” ಎಂದು ಅವರು ಬಹಳ ನೊಂದ ದನಿಯಲ್ಲಿ ಹೇಳಿ ಫೋನಿಟ್ಟರು.

ವ್ಯವಸ್ಥಾಪಕಿಯ ಮೇಲೆ ನನಗೆ ಸಿಟ್ಟಿಲ್ಲ. “ನೀವು ಹೇಳೋದೆಲ್ಲ ನಿಜ ಅಮ್ಮ, ಆದ್ರೆ ಸಿಸ್ಟಮ್‌ನಲ್ಲಿ ಮನೆ ಅನ್ನೋ ಆಯ್ಕೇನೇ ಇಲ್ಲ. ಸಭೆ, ಕೆಲಸ, ವಿರಾಮ, ಅಷ್ಟೇ. ನಾನು ಅಂಕಲ್‌ನ ವಿರಾಮ ಅಂತ ಹಾಕಿದೀನಿ. ಅದು ನಾಲ್ಕು ಗಂಟೆಗಿಂತ ಹೆಚ್ಚು ತಗೊಳ್ಳಲ್ಲ” ಎಂದು ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ಅವಳಿಗೂ ಇಲ್ಲಿ ಸ್ವಂತ ಕುರ್ಚಿಯಿಲ್ಲ. ತನ್ನ ಚೀಲವನ್ನು ನನ್ನ ಪಾತ್ರೆಗಳ ಕಪಾಟಿನಲ್ಲಿ ಇಟ್ಟು ಹೋಗುತ್ತಾಳೆ.

ಇಷ್ಟು ದಿನ ಇದನ್ನೆಲ್ಲ ನಾವು ನಗುತ್ತಲೇ ಸಹಿಸಿದೆವು, ನಿಜ ಹೇಳಬೇಕೆಂದರೆ ಸ್ವಲ್ಪ ಖುಷಿಯೂ ಪಟ್ಟೆವು. ಒಂಬತ್ತು ವರ್ಷ ಪಾರಿವಾಳ ಬಿಟ್ಟರೆ ನರಪಿಳ್ಳೆಯೂ ಹೊಸ್ತಿಲು ತುಳಿಯದ ಮನೆ ಅದು. ನಮ್ಮವರು ಹಾಸಿಗೆಯಲ್ಲಿ ಕೂತೇ ಪಕ್ಕದ ಕೋಣೆಯ ಸಭೆಗಳನ್ನು ಕೇಳಿಸಿಕೊಂಡು ಸಲಹೆ ಕೂಗುತ್ತಿದ್ದರು. ಅವರ ಸಲಹೆಯ ಮೇಲೆ ಒಂದು ಕಂಪನಿ ಮುಚ್ಚಿಯೂ ಹೋಯಿತು, ಅದರ ಮಾಲೀಕ ಬಂದು ಕೈಕುಲುಕಿ ನೆಮ್ಮದಿಯಾಯಿತು ಎಂದು ಹೇಳಿದ. ಆದ್ದರಿಂದ ಅಡುಗೆಮನೆ, ಪೆಟ್ಟಿಗೆ, ಸೈಕಲ್ಲು ಇವುಗಳಿಗಾಗಿ ನಾನು ಈ ಪತ್ರ ಬರೆಯುತ್ತಿಲ್ಲ. ಬರೆಯುತ್ತಿರುವುದು ಗೋಡೆಗಾಗಿ.

ದೃಷ್ಟಿ ಹೋಗತೊಡಗಿದಂದಿನಿಂದ ಅವರು ನಡೆಯುವುದು ಎಡಗೈಯಿಂದ. ಹಾಸಿಗೆಯಿಂದೆದ್ದು ಎಡ ಅಂಗೈಯನ್ನು ಗೋಡೆಗೆ ಒತ್ತಿದರೆ ಐದನೇ ಹೆಜ್ಜೆಗೆ ಹಳೆಯ ಮೊಳೆಯ ಗುಳಿ, ಎಂಟಕ್ಕೆ ತೇವಕ್ಕೆ ಉಬ್ಬಿದ ಗಾರೆ, ಹನ್ನೊಂದಕ್ಕೆ ಬಚ್ಚಲಿನ ಚೌಕಟ್ಟು. ಯಾರ ಹಂಗೂ ಇಲ್ಲದೆ ಹೋಗಿ ಬರುತ್ತಿದ್ದರು. ಕಣ್ಣು ಹೋದ ಮನುಷ್ಯನಿಗೆ ಜಗತ್ತಿನಲ್ಲಿ ಉಳಿದಿದ್ದ ಒಂದೇ ಸ್ವಂತ ದಾರಿ ಅದು. ಹನ್ನೊಂದು ಹೆಜ್ಜೆ ಉದ್ದದ್ದು. ನೀವು ಆ ಗೋಡೆಯನ್ನು ಒಡೆಸಿ, ಅದರ ಜಾಗದಲ್ಲಿ ಚಕ್ರಗಳ ಮೇಲೆ ಓಡಾಡುವ ನುಣುಪಾದ ಹಲಗೆಗಳನ್ನು ನಿಲ್ಲಿಸಿದ್ದೀರಿ. ಪ್ರತಿ ಸೋಮವಾರ ಬೆಳಿಗ್ಗೆ ಆ ವಾರದ ಬುಕಿಂಗ್ ನೋಡಿಕೊಂಡು ಗೋಡೆಗಳನ್ನು ತಳ್ಳಿಕೊಂಡು ಹೋಗುತ್ತಾರೆ. ಒಂದು ವಾರ ಬಚ್ಚಲು ಎಡಕ್ಕೆ, ಇನ್ನೊಂದು ವಾರ ಎದುರಿಗೆ, ಮಗದೊಂದು ವಾರ ಸಭಾಂಗಣವನ್ನು ಹಾದು ಆಚೆ.

ಮೊದಲ ಸೋಮವಾರ ನಮ್ಮವರು ಬೆಳಿಗ್ಗೆ ಹತ್ತು ಗಂಟೆಗೆ ಎದ್ದು, ಬನಿಯನ್ನು ತೊಟ್ಟು, ಟವೆಲ್ ಸುತ್ತಿಕೊಂಡು, ಹಲ್ಲುಜ್ಜುವ ಬ್ರಷ್ ಹಿಡಿದು ಗೋಡೆಯನ್ನು ನಂಬಿ ಹೊರಟರು. ಗೋಡೆ ಅವರನ್ನು ನೇರವಾಗಿ ಒಂದು ಕಂಪನಿಯ ವಾರ್ಷಿಕ ಸಭೆಯ ವೇದಿಕೆಗೆ ಕರೆದೊಯ್ದಿತು. ಎದುರಿಗೆ ನಲವತ್ತು ಜನ. ಉಸಿರಾಟದ ಸದ್ದು ಕೇಳಿ ಬಚ್ಚಲಿಗೆ ಸಾಲು ನಿಂತವರೆಂದು ತಿಳಿದು ಅವರು ಕೇಳಿದರಂತೆ: “ಇನ್ನೂ ಎಷ್ಟು ಹೊತ್ತಾಗುತ್ತೆ?”

ಭಾಷಣಕಾರರು ತಡವರಿಸಿ, “ಸರ್, ಫಲಿತಾಂಶಕ್ಕೆ ಇನ್ನು ಆರು ತಿಂಗಳು” ಎಂದರಂತೆ.

“ಅಷ್ಟು ಹೊತ್ತು ತಡ್ಕೊಳ್ಳೋಕಾಗಲ್ಲಪ್ಪ” ಎಂದು ಇವರು ಹೇಳಿದ್ದಕ್ಕೆ ಇಡೀ ಸಭೆ ಚಪ್ಪಾಳೆ ತಟ್ಟಿತಂತೆ. ಹಣ ಹೂಡುವವರಲ್ಲಿ ಯಾರೋ ನೇರನುಡಿಯ ಹಿರಿಯರು ಎಂದುಕೊಂಡರಂತೆ. ಅಂದು ಸಂಜೆಯವರೆಗೆ ನಮ್ಮವರು ಇದನ್ನೇ ಹೇಳಿ ಹೇಳಿ ನಕ್ಕರು. ನನ್ನನ್ನು ಅವರು ತಮಾಷೆಗೆ ಹೆಡ್ ಕ್ಲರ್ಕ್ ಎಂದು ಕರೆಯುವುದು. “ಹೆಡ್ ಕ್ಲರ್ಕೇ, ಮೂವತ್ತೊಂದು ವರ್ಷ ಕೆಲಸ ಮಾಡಿದಾಗ ಯಾರೂ ಚಪ್ಪಾಳೆ ಹೊಡೀಲಿಲ್ಲ ಕಣೇ, ಬಚ್ಚಲಿಗೆ ಹೊರಟಾಗ ಹೊಡೆದ್ರು” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೂರನೇ ಸೋಮವಾರ ಗೋಡೆಯ ಚಕ್ರಕ್ಕೆ ತಡೆ ಹಾಕಲು ಯಾರೋ ಮರೆತಿದ್ದರು. ಅವರು ಅಂಗೈ ಒತ್ತಿ ಮೈಭಾರ ಬಿಟ್ಟರು. ಗೋಡೆ ಮುಂದಕ್ಕೆ ಓಡಿತು. ಅದರ ಹಿಂದೆಯೇ ಇವರು ನಾಲ್ಕು ಹೆಜ್ಜೆ ಓಡಿ ಮುಗ್ಗರಿಸಿ ಬಿದ್ದರು. ಮೊಣಕೈ ತರಚಿಹೋಯಿತು, ಸೊಂಟಕ್ಕೆ ಪೆಟ್ಟಾಯಿತು. ಅದು ವಾಸಿಯಾಯಿತು. ವಾಸಿಯಾಗದೇ ಉಳಿದದ್ದು ಬೇರೆ. ಅಂದಿನಿಂದ ಅವರು ಹಾಸಿಗೆ ಬಿಟ್ಟು ತಾವಾಗಿ ಏಳುವುದಿಲ್ಲ. ಕಾಲು ಕೆಳಗೆ ಬಿಟ್ಟು ಕೂತು, ಕೈ ಗಾಳಿಯಲ್ಲಿ ಹಿಡಿದು, “ಗೋಡೆ ಇದೆಯೇನೇ?” ಎಂದು ಕೇಳುತ್ತಾರೆ. ದೀಪವಿಲ್ಲದ ಹತ್ತು ಕೋಣೆಗಳಲ್ಲಿ ಒಂದೇ ಒಂದು ಬೋಲ್ಟನ್ನು ಕೈಯಿಂದಲೇ ಹುಡುಕಿ ತರುತ್ತಿದ್ದ ಮನುಷ್ಯ, ಮಾನ್ಯರೇ, ತನ್ನ ಮನೆಯಲ್ಲಿ ಗೋಡೆ ಇದೆಯೇ ಎಂದು ಕೇಳುತ್ತಾರೆ. ನೋಟಿಸಿನಲ್ಲಿ ನೀವು ಬರೆದಿರುವ ನಲವತ್ತೊಂದು ದಿನ ಎಂದರೆ ಇದು. ಅವರು ಆ ಕೋಣೆಯನ್ನು ಹಿಡಿದುಕೊಂಡಿಲ್ಲ. ಏಳಲು ಹೆದರಿ ಕೂತಿದ್ದಾರೆ.

ನಿಮ್ಮನ್ನು ಕಾಣಲು ನಾನು ನಿಮ್ಮ ಕಚೇರಿಗೂ ಬಂದಿದ್ದೆ, ನೆನಪಿರಬಹುದು. ಮೂರನೇ ಭೇಟಿಯಲ್ಲಿ ಏಳು ನಿಮಿಷ ಸಿಕ್ಕಿರಿ. “ಗೋಡೆ ಅನ್ನೋದೇ ಒಂದು ಹಳೇ ಮನಸ್ಥಿತಿ ಮೇಡಂ, ನಾವು ಅದರಿಂದ ಹೊರಗೆ ಬರಬೇಕು” ಎಂದಿರಿ. ನೀವು ಹಾಗೆನ್ನುವಾಗ ನಾನು ನಿಮ್ಮ ಕೋಣೆಯ ಗೋಡೆಯನ್ನು ಮುಟ್ಟಿ ನೋಡಿದೆ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ಅದಕ್ಕೆ ಮೊಳೆ ಹೊಡೆದು ಕ್ಯಾಲೆಂಡರ್ ತೂಗುಹಾಕಿದ್ದೀರಿ. ಬಾಗಿಲಿಗೆ ನಿಮ್ಮ ಹೆಸರಿನ ಫಲಕವನ್ನು ನಾಲ್ಕು ತಿರುಪಿನಿಂದ ಬಿಗಿದಿದ್ದೀರಿ. ನಿಮ್ಮ ಕುರ್ಚಿಯಲ್ಲಿ ನಿಮ್ಮ ಬೆನ್ನಿನ ಅಚ್ಚು ಮೂಡಿದೆ. ನೀವು ದಿನಕ್ಕೆ ಎಂಟು ಗಂಟೆ, ವರ್ಷಗಟ್ಟಲೆ, ಒಬ್ಬರೇ ಆ ಕೋಣೆಯನ್ನು ಬಳಸುತ್ತಿದ್ದೀರಲ್ಲ, ನಿಮಗೆ ಯಾರು ನೋಟಿಸ್ ಕೊಡುತ್ತಾರೆ? ಎಲ್ಲರೂ ಹೊಂದಿಕೊಳ್ಳಲಿ ಎಂದು ಬಯಸುವವರು ತಾವು ಮಾತ್ರ ಗಟ್ಟಿಯಾಗಿ ಕೂತಿರುವುದು ಯಾವ ತತ್ವ? ಇದನ್ನು ಅಂದೇ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಏಳು ನಿಮಿಷ ಮುಗಿಯಿತು, ನಿಮ್ಮ ಜವಾನ ಬಾಗಿಲು ತೆಗೆದ.

ನಾನು ಮಾಡದ ಉಪಾಯವಿಲ್ಲ. ಹಾಸಿಗೆಯಿಂದ ಬಚ್ಚಲಿನವರೆಗೆ ಹಗ್ಗ ಕಟ್ಟಿದೆ. ಯಾರಾದರೂ ಎಡವಿಯಾರೆಂದು ನಿಮ್ಮ ಸುರಕ್ಷತಾ ತಪಾಸಕರು ಬಿಚ್ಚಿಸಿದರು. ಚಕ್ರಗಳಿಗೆ ಇಟ್ಟಿಗೆ ಇಟ್ಟೆ. ಆಧುನಿಕತೆಗೆ ಒಪ್ಪುವುದಿಲ್ಲವೆಂದು ಎತ್ತಿಸಿದರು. ಆಮೇಲೆ ಉಳಿದದ್ದು ಒಂದೇ ದಾರಿ. ಅವರು ಕೇಳಿದಾಗಲೆಲ್ಲ ನಾನೇ ಹೋಗಿ ಅವರ ಎಡಗಡೆ ನಿಲ್ಲುತ್ತೇನೆ. ಅವರು ನನ್ನ ಭುಜಕ್ಕೆ ಅಂಗೈ ಒತ್ತುತ್ತಾರೆ. ನಾನು ಒಂದೊಂದೇ ಹೆಜ್ಜೆ ಹಾಕುತ್ತೇನೆ. ಐದಕ್ಕೆ “ಮೊಳೆ” ಎನ್ನುತ್ತೇನೆ, ಎಂಟಕ್ಕೆ “ಉಬ್ಬು” ಎನ್ನುತ್ತೇನೆ. ಬಚ್ಚಲು ಆ ವಾರ ಎಲ್ಲೇ ಇರಲಿ, ಹೇಗಾದರೂ ಸುತ್ತಿಸಿ ಹನ್ನೊಂದರ ಲೆಕ್ಕಕ್ಕೆ ತಂದು ಮುಟ್ಟಿಸುತ್ತೇನೆ. ಅವರಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿದ್ದೂ ಎಣಿಸುತ್ತಾರೆ.

ಹೋದ ಗುರುವಾರ ಮಧ್ಯಾಹ್ನ ಔಷಧಿ ಅಂಗಡಿಯಲ್ಲಿ ಜನ ಹೆಚ್ಚಿದ್ದರು. ಬರುವುದು ನಲವತ್ತು ನಿಮಿಷ ತಡವಾಯಿತು. ಬಂದು ನೋಡಿದರೆ ನಮ್ಮವರು ಹಾಸಿಗೆಯ ಅಂಚಿನಲ್ಲಿ ನಿಮ್ಮ ಓಡಾಡುವ ಹಲಗೆಯ ಕಡೆ ಮುಖ ಮಾಡಿ ಕೂತಿದ್ದರು. ಕಂಬಳಿಯನ್ನು ತೊಡೆಯ ಮೇಲೆ ಎಳೆದುಕೊಂಡಿದ್ದರು. ನೆಲ ಒದ್ದೆಯಾಗಿತ್ತು. ಗಾಜಿನಾಚೆ ಹದಿನೈದು ಜನ ಲ್ಯಾಪ್‌ಟಾಪ್ ನೋಡುತ್ತ ಕೂತಿದ್ದರು. ಒಂದು ಮಾತು ಕರೆದಿದ್ದರೆ ಯಾರಾದರೂ ಎದ್ದು ಬರುತ್ತಿದ್ದರು, ಒಳ್ಳೆಯ ಮಕ್ಕಳೇ. ಇವರು ಕರೆದಿರಲಿಲ್ಲ. ನಾನು ಬಾಗಿಲಲ್ಲಿ ನಿಂತ ಸದ್ದು ಕೇಳಿ, ತಲೆ ಎತ್ತದೆ, ಬಹಳ ಮೆಲ್ಲಗೆ, “ಬೇರೆಯವರ ಭುಜ ಹಿಡಿಯೋಕೆ ನಾಚಿಕೆಯಾಯ್ತು ಕಣೇ” ಎಂದರು. ನಲವತ್ತು ಜನರೆದುರು ಟವೆಲ್ಲಿನಲ್ಲಿ ನಿಂತು ನಕ್ಕ ಮನುಷ್ಯ. ನಾನು ನೆಲ ಒರೆಸಿದೆ. ಒರೆಸುವಾಗ ನಿಮ್ಮ ಮೇಲೆ ನನಗೆ ಬಂದ ಸಿಟ್ಟನ್ನು ಬರೆಯಲು ಈ ಪತ್ರಿಕೆಯವರು ಜಾಗ ಕೊಡಲಾರರು. ಅದೇ ಸಂಜೆ ನಿಮ್ಮ ನೋಟಿಸ್ ಬಂತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಅಡುಗೆಮನೆಯನ್ನು ಹಗಲಿಡೀ ಇಟ್ಟುಕೊಳ್ಳಿ, ನಾನು ಬೆಳಿಗ್ಗೆ ಬೇಗನೆ ಅಡುಗೆ ಮುಗಿಸಿ ಬಿಟ್ಟುಕೊಡುತ್ತೇನೆ. ಪೆಟ್ಟಿಗೆಯ ಮೇಲೆ ವಿಮೆಯವನು ಕೂರಲಿ. ಸೈಕಲ್ಲಿನ ಸುತ್ತ ಬೇಕಾದರೆ ನಿಮ್ಮ ವಿಭಾಗದ ಸಭೆಯನ್ನೂ ನಡೆಸಿ, ಬೇಗ ಮುಗಿಯುತ್ತದೆ. ಆದರೆ ಹನ್ನೆರಡನೇ ಕೋಣೆಯನ್ನು ಪಟ್ಟಿಯಿಂದ ತೆಗೆಯಿರಿ. ಹಾಸಿಗೆಯಿಂದ ಬಚ್ಚಲಿನವರೆಗಿನ ಹನ್ನೊಂದು ಹೆಜ್ಜೆಗೆ ಒಂದು ಗೋಡೆ ಕಟ್ಟಿಸಿಕೊಡಿ. ಇಟ್ಟಿಗೆಯದ್ದಾದರೂ ಸರಿ, ಹಲಗೆಯದ್ದಾದರೂ ಸರಿ, ಅಂದವಾಗಿರಬೇಕೆಂದಿಲ್ಲ. ಸೋಮವಾರ ಎಲ್ಲಿತ್ತೋ ಮಂಗಳವಾರವೂ ಅಲ್ಲೇ ಇರಬೇಕು, ಅಷ್ಟೇ. ನನಗೂ ಅರವತ್ತೆರಡಾಗಿದೆ, ಮಂಡಿ ನೋವಿದೆ, ಎಲ್ಲ ಹೊತ್ತಿನಲ್ಲೂ ಅವರ ಎಡಗಡೆ ನಿಂತಿರಲು ಆಗುವುದಿಲ್ಲ. ನಾಳೆ ನಾನೇ ಇಲ್ಲವಾದರೆ ಅವರು ಅಂಗೈ ಎಲ್ಲಿಡಬೇಕು, ಅದನ್ನು ಹೇಳಿ.

ಇಂತಿ,
ಬೇರೆ ವ್ಯವಸ್ಥೆಯಾಗುವವರೆಗೆ ಗೋಡೆಯ ಕೆಲಸವನ್ನೂ ನೋಡಿಕೊಳ್ಳುತ್ತಿರುವ
ಹಳೆಯ ಮಳಿಗೆಯ ಕಾವಲುಗಾರನ ಹೆಂಡತಿ